ಹುಳುಮನೆಗೆ ಫಾರ್ಮಲಿನ್ ಹೊಡೆಯುವ ಮುನ್ನ



ರೇಷ್ಮೆಹುಳು ಸಾಕುವ ಮನೆಯವರಿಗೆ ಫಾರ್ಮಲಿನ್ ಎಂಬ ಹೆಸರು ಹೊಸದಲ್ಲ. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಚಾಕಿಹುಳು ತರುವ ಮೊದಲು ಮನೆಗೆ, ತಟ್ಟೆಗೆ, ಚಂದ್ರಿಕೆಗೆ ಇದನ್ನು ಹೊಡೆಯುವ ವಾಡಿಕೆ ನಮ್ಮಲ್ಲಿ ಬಹಳ ಕಾಲದಿಂದ ಉಂಟು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಇವುಗಳ ಅಂಟು ಗೋಡೆಸಂದಿಯಲ್ಲಿ ಉಳಿದರೆ ಮುಂದಿನ ಬೆಳೆ ಕೈಗೆ ಹತ್ತುವುದಿಲ್ಲ. ಆದ್ದರಿಂದ ಔಷಧಿಯೇ ಬೇಡವೆಂದು ಹೇಳಲು ಬಂದಿಲ್ಲ. ಆ ಡಬ್ಬಿಯೊಳಗೆ ಇರುವುದೇನು, ಅದು ಹೊಡೆಯುವವನಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿದಿರಬೇಕು, ಅಷ್ಟೆ.

ಫಾರ್ಮಾಲ್ಡಿಹೈಡ್ ಎಂಬುದು ಬಣ್ಣವಿಲ್ಲದ, ಮೂಗು ಸುಡುವ ವಾಸನೆಯ ಅನಿಲ. ಅದನ್ನು ನೀರಿನಲ್ಲಿ ಕರಗಿಸಿದ್ದೇ ಫಾರ್ಮಲಿನ್. ಅಂಗಡಿಯ ಫಾರ್ಮಲಿನ್‌ನಲ್ಲಿ ನೂರಕ್ಕೆ ೩೬ರಿಂದ ೪೦ ಪಾಲು ಈ ಅನಿಲವೇ ಇರುತ್ತದೆ. ಅದು ಹೆಪ್ಪುಗಟ್ಟದಿರಲೆಂದು ಮೆಥನಾಲ್ ಎಂಬ ವಿಷದ ಸ್ಪಿರಿಟ್ಟನ್ನೂ ಸಾಮಾನ್ಯವಾಗಿ ಬೆರೆಸಿರುತ್ತಾರೆ. ಬಿರಡೆ ತೆಗೆದೊಡನೆ ಕರಗಿದ್ದ ಅನಿಲ ಮೇಲೇಳುತ್ತದೆ. ಕಣ್ಣಲ್ಲಿ ನೀರು ಬರುವುದು ಅದಕ್ಕೇ.

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಗಾಜಿನ ಭರಣಿಯೊಳಗೆ ಕೊಳೆಯದೆ ನಿಂತ ಹಾವನ್ನೋ ಕಪ್ಪೆಯನ್ನೋ ನಿಮ್ಮ ಮಕ್ಕಳು ನೋಡಿರಬಹುದು. ಆ ಭರಣಿಯಲ್ಲಿ ಇರುವುದು ಹೆಚ್ಚಾಗಿ ಇದೇ ಫಾರ್ಮಲಿನ್. ಮಾಂಸದಲ್ಲಿರುವ ಸಸಾರಜನಕವನ್ನು ಅದು ಹಿಡಿದು ಬಿಗಿಗೊಳಿಸಿಬಿಡುತ್ತದೆ. ರೋಗಾಣು ಸಾಯುವುದೂ ಹೀಗೆಯೇ. ನಮ್ಮ ಚರ್ಮ, ಕಣ್ಣಾಲಿ, ಗಂಟಲು, ಶ್ವಾಸಕೋಶ ಎಲ್ಲದರಲ್ಲಿಯೂ ಅದೇ ಸಸಾರಜನಕವಿದೆ. ರೋಗಾಣುವಿಗೆ ಮಾಡಿದ್ದನ್ನೇ ನಮಗೂ ಮಾಡುತ್ತದೆ.

“ನಮಗೆ ಅಭ್ಯಾಸ ಆಗಿಬಿಟ್ಟಿದೆ, ವಾಸನೆಯೇ ಗೊತ್ತಾಗಲ್ಲ” ಎನ್ನುವವರಿದ್ದಾರೆ. ಅಭ್ಯಾಸವಾದದ್ದು ಮೂಗಿಗೆ ಮಾತ್ರ. ಪದೇ ಪದೇ ತಾಗಿದ ಕೈಗೆ ಕೆಲವರಲ್ಲಿ ಕೆರೆತ, ಬೊಕ್ಕೆ ಏಳುತ್ತದೆ. ಒಮ್ಮೆ ಮೈಗೆ ಒಗ್ಗದಾಯಿತೆಂದರೆ ಮುಂದೆ ಎರಡು ಹನಿ ತಾಗಿದರೂ ಸಾಕು. ಉಬ್ಬಸವಿದ್ದವರಿಗೆ ಇನ್ನೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೦೪ರಲ್ಲಿ ಇದನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಹುಳುಮನೆಗೆ ಬೇಕಾದದ್ದು ನೂರಕ್ಕೆ ೨ ಪಾಲಿನ ದ್ರಾವಣ. ಡಬ್ಬಿಯ ಚೀಟಿಯಲ್ಲಿರುವ ಅಂಕಿಯಿಂದ ೨ ಕಳೆದು, ಉಳಿದದ್ದನ್ನು ೨ರಿಂದ ಭಾಗಿಸಿ. ೩೬ ಎಂದಿದ್ದರೆ ೧೭ ಬರುತ್ತದೆ. ಎಂದರೆ ಒಂದು ಲೀಟರಿಗೆ ೧೭ ಲೀಟರು ನೀರು. ಒಂದು ಕೈ ಜಾಸ್ತಿಯೇ ಇರಲಿ ಎಂಬ ಧಾರಾಳ ಇಲ್ಲಿ ಬೇಡ. ಬಯಲಿನಲ್ಲಿ, ಗಾಳಿಗೆ ಬೆನ್ನುಮಾಡಿ, ಮೊದಲು ನೀರು ಅಳೆದಿಟ್ಟುಕೊಂಡು ಅದಕ್ಕೆ ಫಾರ್ಮಲಿನ್ ಸುರಿಯಿರಿ. ರಬ್ಬರು ಕೈಚೀಲ, ಮುಚ್ಚಿದ ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಮುಖಕ್ಕೆ ಸುತ್ತಿದ ಟವಲು ಅನಿಲವನ್ನು ತಡೆಯುವುದಿಲ್ಲ. ಒದ್ದೆ ಮಾಡಿದರೂ ಅಷ್ಟೆ. ಈ ಅನಿಲಕ್ಕೆಂದೇ ಮಾಡಿದ ಶೋಧಕವಿರುವ ಮುಖವಾಡವೇ ಬೇಕು. ಒಳಗಿನ ಮೂಲೆಯಿಂದ ಹೊಡೆಯುತ್ತ ಹಿಂದಕ್ಕೆ ಸರಿದು ಬಾಗಿಲಿಗೆ ಬನ್ನಿ. ಹೊರಗೆ ಒಬ್ಬರು ನಿಂತಿರಲಿ. ಆವಿಗೆ ಬೆಂಕಿ ತಗುಲುವುದುಂಟು, ಬೀಡಿ, ದೀಪ ಹತ್ತಿರ ಬೇಡ. ಬಿಸಿಲೇರಿದ ಮೇಲೆ ಹೊಡೆದರೆ ಗುಣ ಹೆಚ್ಚು, ಚಳಿಯಲ್ಲಿ ಕಡಮೆ. ಒಂದು ದಿನ ಮುಚ್ಚಿಡಿ. ಆಮೇಲೆ ಕಿಟಕಿ ಬಾಗಿಲು ತೆಗೆದು, ಇನ್ನೂ ಒಂದು ದಿನವಾದರೂ ಗಾಳಿಯಾಡಿಸಿ. ಉಳಿದ ಆವಿ ಹುಳುವಿಗೂ ಆಗದು.

ನಮಗೆ ಹೆಚ್ಚು ಚಿಂತೆ, ಹುಳು ಸಾಕುವ ಅಂಕಣವೂ ಮಲಗುವ ಅಂಕಣವೂ ಒಂದೇ ಸೂರಿನಡಿ ಇರುವ ಮನೆಗಳದು. ನಡುವೆ ಗೋಣಿಪರದೆ ಕಟ್ಟಿದರೆ ಆವಿ ನಿಲ್ಲದು. ಮಕ್ಕಳು, ಬಸುರಿ ಹೆಂಗಸರು, ಮುದುಕರು ಮನೆ ಗಾಳಿಯಾಡಿ ಮುಗಿಯುವ ತನಕ ನೆಂಟರಲ್ಲಿ ಇರಲಿ. ಕುಡಿಯುವ ನೀರು, ಹಿಟ್ಟು, ಕಾಳು ಆಚೆ ಹೋಗಲಿ. ಇಂಥ ಮನೆಗೆ ಫಾರ್ಮಲಿನ್ ಬಿಡುವುದೇ ಮೇಲು. ಸುಣ್ಣದೊಡನೆ ಬ್ಲೀಚಿಂಗ್ ಪುಡಿ, ಕ್ಲೋರಿನ್ ಡೈಆಕ್ಸೈಡ್ ಇವುಗಳನ್ನು ಬಳಸುವ ಕ್ರಮವೂ ಇದೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ಹೇಳಿಕೊಡುತ್ತಾರೆ. ಅವಕ್ಕೂ ಎಚ್ಚರಿಕೆ ಬೇಕು. ಬ್ಲೀಚಿಂಗ್ ಪುಡಿಯನ್ನು ಫಾರ್ಮಲಿನ್ ಜೊತೆ ಮಾತ್ರ ಎಂದೂ ಬೆರೆಸಕೂಡದು, ಕುದಿದು ಸಿಡಿಯಬಹುದು.

ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಕಾಲುಗಂಟೆ ಬಿಡದೆ ತಣ್ಣೀರು ಹೊಯ್ಯಿರಿ, ಆಮೇಲೆ ಡಾಕ್ಟರಲ್ಲಿಗೆ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ತೊಳೆಯಿರಿ. ಉಸಿರು ಕಟ್ಟಿದವರನ್ನು ಬಯಲಿಗೆ ತನ್ನಿ. ಆಗ ಸರಿಯಾದಂತೆ ಕಂಡರೂ ಕೆಲವು ಗಂಟೆಯ ನಂತರ ಉಬ್ಬಸ ಮರುಕಳಿಸೀತು, ಆದ್ದರಿಂದ ಆಸ್ಪತ್ರೆಗೆ ತೋರಿಸಿ. ಯಾರಾದರೂ ಕುಡಿದುಬಿಟ್ಟರೆ ಹುಣಿಸೆನೀರು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟ ಗಂಟಲು ಏರುವಾಗ ಮತ್ತೆ ಸುಡುತ್ತದೆ. ಡಬ್ಬಿಯನ್ನು ಚೀಟಿಸಮೇತ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ. ಒಳಗಿರುವ ಮೆಥನಾಲ್ ದೃಷ್ಟಿಗೂ ಅಪಾಯ.

ಚಳಿಗಾಲದಲ್ಲಿ ಡಬ್ಬಿಯ ತಳದಲ್ಲಿ ಬಿಳಿ ಗಸಿ ನಿಂತರೆ ಔಷಧಿಯ ಸತ್ವ ಇಳಿದಿದೆ ಎಂದರ್ಥ. ಅದನ್ನು ಕರಗಿಸಲು ಒಲೆಯ ಮೇಲೆ ಇಡಬೇಡಿ, ಕೊಂಡ ಅಂಗಡಿಗೆ ಹಿಂತಿರುಗಿಸಿ. ಉಳಿದದ್ದನ್ನು ಬೇರೆ ಸೀಸೆಗೆ ಬಗ್ಗಿಸದೆ ಅದರದೇ ಡಬ್ಬಿಯಲ್ಲಿ, ಬೀಗದೊಳಗಿಡಿ. ಖಾಲಿ ಡಬ್ಬಿಗೆ ತೂತು ಹೊಡೆಯಿರಿ; ಆಗ ಯಾರೂ ಅದರಲ್ಲಿ ನೀರು ತರಲಾರರು.