ಚೊಚ್ಚಲ ಕೃತಿಯ ಸೋಲು

ಹೆತ್ತವರಿಗೆ ಹೆಗ್ಗಣವೂ ಮುದ್ದೆಂಬ ಗಾದೆಯನ್ನು ಸುಳ್ಳುಮಾಡಿದವನು ಅಮೇರಿಕದ ಪ್ರಖ್ಯಾತ ಚಲಚ್ಚಿತ್ರ ನಿರ್ದೇಶಕನಾದ ಸ್ಟ್ಯಾನ್ಲಿ ಕ್ಯೂಬ್ರಿಕ್. 1953ರಲ್ಲಿ ಹೊರಬಂದ ತನ್ನ ಚೊಚ್ಚಲ ಕಥಾಚಿತ್ರವಾದ 'ಫಿಯರ್ ಅಂಡ್ ಡಿಸೈರ್', ಎಂದರೆ 'ಭಯ ಮತ್ತು ಆಶೆ', ಜನರ ಕಣ್ಣಿಗೆ ಬೀಳದಿರಲೆಂದೇ ಆತನು ಬಯಸಿದನು. 1994ರಲ್ಲಿ ನ್ಯೂಯಾರ್ಕಿನಲ್ಲಿ ಅದರ ಪ್ರದರ್ಶನವೇರ್ಪಟ್ಟಾಗ, ಅದು ಅನನುಭವಿಯ ತಡವರಿಕೆಯೆಂದು ತಾನೇ ಸಾರಿದನು. ಕರ್ತೃವೇ ತಳ್ಳಿಹಾಕಿದ ಕೃತಿಯನ್ನು ಲೋಕವು ನೋಡಬೇಕೆ? ನೋಡಬೇಕೆಂಬುದೇ ನಮ್ಮ ಮತ. ಅದು ನಿರ್ದೋಷವೆಂದಲ್ಲ, ಅದರ ದೋಷಗಳೇ ಬೋಧಪ್ರದವೆಂದು.

ಪತ್ರಿಕೆಯೊಂದರ ಛಾಯಾಗ್ರಾಹಕನಾಗಿದ್ದ ಈ ತರುಣನಿಗೆ ಆಗ ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಸೋದರಬಂಧುವೊಬ್ಬನು ಕೊಟ್ಟ ಸುಮಾರು 10,000 ಡಾಲರು ಮೂಲಧನ. ಕ್ಯಾಲಿಫೋರ್ನಿಯದ ಸ್ಯಾನ್ ಗೇಬ್ರಿಯಲ್ ಬೆಟ್ಟಗಳೇ ರಣರಂಗ. ಖರ್ಚುಳಿಸಲೆಂದು ಮೂಕವಾಗಿ ಚಿತ್ರಿಸಿ, ಮಾತನ್ನು ಬಳಿಕ ಕೂಡಿಸಹೋದುದರಿಂದ ಉಳಿತಾಯಕ್ಕಿಂತ ವೆಚ್ಚವೇ ಹೆಚ್ಚಾಯಿತು.

ವಿಮಾನವು ಬಿದ್ದು ಶತ್ರುಗಳ ನೆಲದಲ್ಲಿ ಸಿಕ್ಕಿಕೊಂಡ ನಾಲ್ವರು ಸೈನಿಕರು ತೆಪ್ಪವೇರಿ ಪಾರಾಗಲೆಳಸುವುದೇ ಕಥೆ. ಯಾವ ದೇಶ, ಯಾವ ಯುದ್ಧ, ಯಾತಕ್ಕಾಗಿ? ಒಂದನ್ನೂ ಹೇಳುವುದಿಲ್ಲ. ಎಲ್ಲ ಯುದ್ಧಗಳಿಗೂ ಇದು ಸಲ್ಲುವುದೆಂಬ ಹೆಬ್ಬಯಕೆ. ಮೂಲದೋಷವಿರುವುದು ಇಲ್ಲಿಯೇ. ಊರಿಲ್ಲದ ಸೈನಿಕನ ಸಾವಿಗೆ ಅಳುವವರಾರು? ಆ ಕೊರತೆಯನ್ನು ತುಂಬಲು ಪಾತ್ರಗಳು ಗಳಿಗೆಗೊಮ್ಮೆ ವೇದಾಂತವನ್ನಾಡುವುವು. ಕಣ್ಣು ಕಾಣಬೇಕಾದುದನ್ನು ಕಿವಿಯಲ್ಲಿ ಉಪದೇಶಿಸುವುವು.

ಆದರೂ ಮಾತು ನಿಂತೆಡೆ ಕಲೆಗಾರನು ಕಾಣಿಸುತ್ತಾನೆ. ಉಣ್ಣುತ್ತಿದ್ದ ಶತ್ರುಗಳನ್ನು ಕೊಲ್ಲುವಾಗ ತೋರುವುದು ಕತ್ತಿಯನ್ನಲ್ಲ, ಎಂಜಲನ್ನು ಹಿಸುಕುವ ಕೈಯನ್ನು. ಸೆರೆಯ ಹೆಣ್ಣನ್ನು ಮರಕ್ಕೆ ಬಿಗಿದು ಕಾವಲಿಗೆ ನಿಂತ ಎಳೆಯ ಸಿಪಾಯಿಯು ಹುಚ್ಚನಾಗುವನು. ತಾನೇ ಕಟ್ಟು ಬಿಚ್ಚಿ, ಓಡುವವಳನ್ನು ತಾನೇ ಗುಂಡಿಕ್ಕುವನು. ಕೊನೆಗೆ ಕೊಲ್ಲಲ್ಪಡುವ ಶತ್ರುಸೇನಾನಿಯ ಮುಖವೂ ಕೊಲ್ಲುವವರ ಪೈಕಿ ಒಬ್ಬನ ಮುಖವೂ ಒಂದೇ. ಎರಡು ಪಾತ್ರಕ್ಕೂ ನಟನೊಬ್ಬನೇ. ಹತ್ತು ಭಾಷಣಗಳು ಹೇಳಲಾರದುದನ್ನು ಆ ಒಂದು ಮುಖವು ಹೇಳುವುದು.

ಪಾಠವನ್ನು ಆತನು ಕಲಿತನೆಂಬುದಕ್ಕೆ 1957ರ 'ಪಾಥ್ಸ್ ಆಫ್ ಗ್ಲೋರಿ'ಯೇ ಸಾಕ್ಷಿ. ಅಲ್ಲಿ ದೇಶಕ್ಕೆ ಹೆಸರುಂಟು, ಫ್ರಾನ್ಸ್, ಕಾಲವುಂಟು, 1916, ಅಪರಾಧವುಂಟು. ಅಧಿಕಾರಿಗಳ ಕೀರ್ತಿಲೋಭವನ್ನು ಮುಚ್ಚಲು ಮೂವರು ಬಡ ಸಿಪಾಯಿಗಳು ಹೇಡಿಗಳೆಂಬ ಆರೋಪದಿಂದ ಗುಂಡಿಗೆ ಎದೆಯೊಡ್ಡುತ್ತಾರೆ. ಎಲ್ಲರ ಯುದ್ಧವನ್ನೂ ಕುರಿತ ಚಿತ್ರವು ಯಾರನ್ನೂ ಕೆಣಕಲಿಲ್ಲ; ಒಂದು ಯುದ್ಧವನ್ನು ಕುರಿತ ಚಿತ್ರವಾದರೋ 1975ರವರೆಗೆ ಫ್ರಾನ್ಸಿನಲ್ಲಿ ತೆರೆಕಾಣಲಿಲ್ಲ. ಸತ್ಯವು ಹೆಸರು ಹಿಡಿದು ಕರೆದಾಗಲೇ ಓಗೊಡುವುದು.

ಕ್ಯೂಬ್ರಿಕನು 1999ರಲ್ಲಿ ತೀರಿಕೊಂಡನು. ಅಮೇರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ಜೀರ್ಣೋದ್ಧಾರ ಮಾಡಿದ ಚೊಚ್ಚಲ ಚಿತ್ರವು 2012ರಲ್ಲಿ ಮತ್ತೆ ಬೆಳಕು ಕಂಡಿತು. ತನ್ನ ಹಳೆಯ ಬರೆಹಕ್ಕಾಗಿ ನಾಚುವ ಹಕ್ಕು ಕರ್ತೃವಿಗುಂಟು. ಅದನ್ನು ಅಳಿಸಿಬಿಡುವ ಹಕ್ಕಿಲ್ಲ. ಮಹಾಪುರುಷರ ಗೆಲವನ್ನು ಮಾತ್ರ ಕಂಡ ತರುಣರು ಪ್ರತಿಭೆಯು ಆಕಾಶದಿಂದ ಉದುರುವುದೆಂದು ನಂಬಿ ಕೈಕಟ್ಟಿ ಕೂಡುವರು. ಮುಗ್ಗರಿಸಿದ ಹೆಜ್ಜೆಗಳ ಗುರುತೂ ಉಳಿದಿದ್ದರೆ, ನಡೆಯಲು ಧೈರ್ಯವಾದೀತು.