ರೈಫಲ್ ನಳಿಗೆಯನ್ನು ತಿನ್ನುವುದು ಗುಂಡಲ್ಲ, ಬೆಂಕಿ

ಹೊಸಪೇಟೆಯಿಂದ ಬಳ್ಳಾರಿಯತ್ತ ಹೊರಟ ರೈಲು ಗಾದಿಗನೂರು ನಿಲ್ದಾಣ ದಾಟುವಾಗ ಕಿಟಕಿಯಿಂದ ಹೊರಗೆ ನೋಡಿದರೆ ಕೆಂಪು ಧೂಳಿನ ನಡುವೆ ಹಳಿಯ ಮೇಲ್ಮೈ ಮಾತ್ರ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದಿರು ತುಂಬಿದ ವ್ಯಾಗನ್ನುಗಳ ಚಕ್ರಗಳು ಉಜ್ಜಿ ಉಜ್ಜಿ ಬಂದ ಹೊಳಪದು. ಉಕ್ಕು ಸವೆಯುವುದೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಇದೇ. ಬಂದೂಕಿನ ನಳಿಗೆಯೂ ಹೀಗೆಯೇ, ಗುಂಡು ಉಜ್ಜಿ ಸವೆಯುತ್ತದೆಂಬುದು ಸಾಮಾನ್ಯ ಕಲ್ಪನೆ. ಅದು ಭಾಗಶಃ ಮಾತ್ರ ನಿಜ. ನಳಿಗೆಯೊಳಗೆ ನಡೆಯುವ ಕ್ರಿಯೆಗೆ ಹೋಲಿಕೆ ಬೇಕಿದ್ದರೆ ಇನ್ನೊಂದು ನಿಲ್ದಾಣ ಮುಂದೆ, ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಊದುಕುಲುಮೆಯ ಕಡೆ ನೋಡಬೇಕು.

ನಮ್ಮ ರಾಜ್ಯದ ಪೊಲೀಸರಿಗೆ ಚಿರಪರಿಚಿತವಾದ ಎಸ್‌ಎಲ್‌ಆರ್ ರೈಫಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1960ರ ದಶಕದಲ್ಲಿ ಸೇನೆಗೆ ಬಂದ, ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ 7.62 ಮಿ.ಮೀ.ನ ಅರೆ ಸ್ವಯಂಚಾಲಿತ ರೈಫಲ್ ಇದು. ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು. ಮುಂದಿನ ಗುಂಡನ್ನು ರೈಫಲ್ಲೇ ತುಂಬಿಕೊಳ್ಳುತ್ತದೆ. ಮದ್ದು ಉರಿದಾಗ ಹುಟ್ಟುವ ಅನಿಲದ ಉಷ್ಣತೆ ಸುಮಾರು 2,500 ಡಿಗ್ರಿ ಸೆಲ್ಸಿಯಸ್. ಉಕ್ಕು ಕರಗಲು 1,500 ಡಿಗ್ರಿ ಸಾಕು. ಒತ್ತಡವೋ, ವಾತಾವರಣದ ಒತ್ತಡದ 3,500 ಪಟ್ಟಿಗೂ ಹೆಚ್ಚು. ಆದರೂ ನಳಿಗೆ ಕರಗಿ ಹೋಗದಿರಲು ಕಾರಣ ಸಮಯ. ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಮಾತ್ರ. ಅಷ್ಟರಲ್ಲಿ ಕಾಯುವುದು ಒಳಗೋಡೆಯ ಕೂದಲೆಳೆಯಷ್ಟು ತೆಳ್ಳಗಿನ ಪದರ.

ಆ ತೆಳು ಪದರದಲ್ಲಿಯೇ ಹಾನಿ ಆರಂಭವಾಗುತ್ತದೆ. ಮದ್ದಿನ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಹೇರಳವಾಗಿರುತ್ತದೆ. ಊದುಕುಲುಮೆಯಲ್ಲಿ ಅದಿರಿನಿಂದ ಕಬ್ಬಿಣವನ್ನು ಬಿಡಿಸುವುದೂ ಇದೇ ಅನಿಲ. ಶುದ್ಧ ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ. ಅದರಲ್ಲಿ ಶೇಕಡಾ ನಾಲ್ಕರಷ್ಟು ಇಂಗಾಲ ಬೆರೆತರೆ 1,150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಕುಲುಮೆಯಿಂದ ಕಬ್ಬಿಣ ನೀರಿನಂತೆ ಹರಿಯುವ ಗುಟ್ಟು ಅದು. ನಳಿಗೆಯ ಒಳಮೈ ಕೂಡ ಪ್ರತಿ ಹೊಡೆತದಲ್ಲೂ ಸ್ವಲ್ಪ ಸ್ವಲ್ಪವೇ ಇಂಗಾಲ, ಸಾರಜನಕಗಳನ್ನು ಹೀರಿಕೊಂಡು ಗಟ್ಟಿಯೂ ಬಿರುಸೂ ಆಗುತ್ತದೆ. ಅದರ ಕರಗುವ ಉಷ್ಣತೆ ಇಳಿಯುತ್ತದೆ. ಕಾದು ತಣಿದು, ಕಾದು ತಣಿದು ಬೇಸಿಗೆಯ ಕೆರೆಯಂಗಳದಂತೆ ಬಿರುಕುಗಳ ಜಾಲ ಮೂಡುತ್ತದೆ. ಮುಂದಿನ ಅನಿಲದ ರಭಸ ಆ ಚಕ್ಕೆಗಳನ್ನು ಎಬ್ಬಿಸಿಕೊಂಡು ಹೋಗುತ್ತದೆ. ಇದನ್ನು ಸವೆತ ಎನ್ನುವುದಕ್ಕಿಂತ ಕೊರೆತ ಎನ್ನುವುದೇ ಸರಿ.

ಕೊರೆತ ಹೆಚ್ಚಾಗಿರುವುದು ತೋಟಾ ಕೂರುವ ಕೋಣೆಯ ಮುಂದಿನ ಕತ್ತಿನ ಭಾಗದಲ್ಲಿ. ಅಲ್ಲಿ ಸುರುಳಿ ಗೀರುಗಳ ಅಂಚು ಮೊಂಡಾದರೆ ಗುಂಡಿಗೆ ಸರಿಯಾದ ತಿರುಗು ಸಿಗದು. ಅರೆ ಸ್ವಯಂಚಾಲಿತ ರೈಫಲ್ಲಿಗೆ ಇನ್ನೊಂದು ದುರ್ಬಲ ಜಾಗವಿದೆ: ಮುಂದಿನ ತೋಟಾ ತುಂಬುವ ಯಂತ್ರಕ್ಕೆ ಅನಿಲ ಒದಗಿಸಲು ನಳಿಗೆಯಲ್ಲಿ ಕೊರೆದಿರುವ ಸಣ್ಣ ರಂಧ್ರ. ಅದು ಅಗಲವಾದಂತೆ ಯಂತ್ರಕ್ಕೆ ಬೀಳುವ ಹೊಡೆತ ಹೆಚ್ಚುತ್ತದೆ. ಎಸ್‌ಎಲ್‌ಆರ್‌ನಲ್ಲಿ ಅನಿಲದ ಪ್ರಮಾಣವನ್ನು ಹೊಂದಿಸುವ ತಿರುಪು ಇರುವುದರಿಂದ ಸ್ವಲ್ಪ ಮಟ್ಟಿಗೆ ನಿಭಾಯಿಸಬಹುದು.

ಹಾಗಾದರೆ ನಳಿಗೆಯ ಆಯುಷ್ಯವೆಷ್ಟು? ಈ ವರ್ಗದ ರೈಫಲ್ಲುಗಳಿಗೆ ಹತ್ತು ಸಾವಿರ ಗುಂಡುಗಳ ಆಸುಪಾಸು ಎಂಬುದು ರೂಢಿಯ ಲೆಕ್ಕ. ಆದರೆ ಇನ್ನೂರು ಗುಂಡುಗಳನ್ನು ಇಡೀ ದಿನ ಬಿಟ್ಟು ಬಿಟ್ಟು ಹಾರಿಸುವುದೂ ಹತ್ತು ನಿಮಿಷದಲ್ಲಿ ಮುಗಿಸುವುದೂ ಒಂದೇ ಅಲ್ಲ. ಎರಡನೆಯದರಲ್ಲಿ ನಳಿಗೆ ತಣಿಯಲು ಬಿಡುವೇ ಇರದು. 1990ರ ದಶಕದಲ್ಲಿ ಬಂದ 5.56 ಮಿ.ಮೀ.ನ ಇನ್ಸಾಸ್ ರೈಫಲ್ಲಿನ ನಳಿಗೆಗೆ ಒಳಗಿನಿಂದ ಕ್ರೋಮಿಯಂ ಲೇಪ ಕೊಟ್ಟಿರುವುದು ಇದೇ ಕಾರಣಕ್ಕೆ. ಕ್ರೋಮಿಯಂ ಕರಗಲು 1,900 ಡಿಗ್ರಿ ದಾಟಬೇಕು, ತುಕ್ಕೂ ಹಿಡಿಯದು.

ಅಷ್ಟಕ್ಕೂ ಎಷ್ಟೋ ನಳಿಗೆಗಳು ಕೆಡುವುದು ಗುಂಡು ಹಾರಿಸಿ ಅಲ್ಲವೇ ಅಲ್ಲ. ಸ್ವಚ್ಛಗೊಳಿಸುವ ಪುಲ್‌ಥ್ರೂ ಹಗ್ಗವನ್ನು ಓರೆಯಾಗಿ ಎಳೆದರೆ, ಹಗ್ಗಕ್ಕಂಟಿದ ಧೂಳು ಅರದಂತೆ ನಳಿಗೆಯ ಬಾಯಿಯನ್ನು ತಿನ್ನುತ್ತದೆ. ಗಾದಿಗನೂರು, ಸಂಡೂರು ಕಡೆಯ ಅದಿರಿನ ಧೂಳಿನಲ್ಲಿ ಕಾವಲು ನಿಲ್ಲುವವರು ಇದನ್ನು ನೆನಪಿಡಬೇಕು. ಕೊಡಗಿನ ಮಳೆಯಲ್ಲಿ ವರ್ಷಕ್ಕೊಮ್ಮೆ, ಕೈಲ್ ಪೊಳ್ದಿಗೆ ಹೊರಬರುವ ಕೋವಿಗಳಿಗಾದರೆ ತುಕ್ಕೇ ಮೊದಲ ಶತ್ರು.

ಆಯುಧದ ವಯಸ್ಸು ನೋಡಿ ನಿರ್ಧರಿಸುವುದೂ ತಪ್ಪು. ವರ್ಷಕ್ಕೆ 50 ಗುಂಡು ಹಾರಿಸುವ ಠಾಣೆಯ ರೈಫಲ್ 40 ವರ್ಷವಾದರೂ ಹಾರಿಸಿರುವುದು 2,000 ಗುಂಡು ಮಾತ್ರ. ಅದೇ ವರ್ಷ ತಯಾರಾಗಿ ತರಬೇತಿ ಶಾಲೆ ಸೇರಿದ ರೈಫಲ್ ತಂಡದಿಂದ ತಂಡಕ್ಕೆ ಕೈ ಬದಲಾಗುತ್ತಾ ಎಂದೋ ಮುದಿಯಾಗಿರುತ್ತದೆ. ಆ ರೈಫಲ್ ಹಿಡಿದು ಗುರಿ ತಪ್ಪಿದ ಹೊಸ ಕಾನ್‌ಸ್ಟೆಬಲ್‌ಗೆ ಅಂಕ ಕಡಿಮೆಯಾಗುತ್ತದೆ, ಬೈಗುಳ ಹೆಚ್ಚಾಗುತ್ತದೆ. ಬೀದಿಯಲ್ಲಾದರೆ ಅದೇ ತಪ್ಪಿದ ಗುಂಡು ಯಾರಿಗೆ ತಗಲುತ್ತದೆಂದು ಹೇಳಲಾಗದು.

ಶಸ್ತ್ರಾಗಾರದ ಆರ್ಮರರ್ ಬಳಿ ಕತ್ತಿನ ಭಾಗಕ್ಕೂ ಬಾಯಿಗೂ ತೂರಿಸಿ ನೋಡುವ ಅಳತೆಯ ಕಡ್ಡಿಗಳಿರುತ್ತವೆ. ಮಿತಿಗಿಂತ ಆಳಕ್ಕೆ ಇಳಿದರೆ ನಳಿಗೆ ಬದಲಿಸಬೇಕು. ಪ್ರತಿ ರೈಫಲ್ಲಿನ ಗುಂಡಿನ ಲೆಕ್ಕ ಪುಸ್ತಕದಲ್ಲಿ ದಾಖಲಾಗಿದ್ದರೆ ಯಾವುದನ್ನು ಮೊದಲು ಪರೀಕ್ಷಿಸಬೇಕೆಂದು ತಿಳಿಯುತ್ತದೆ. ಇನ್ನು ಫೈರಿಂಗ್ ರೇಂಜಿನಲ್ಲಿ, ಗುರಿಹಲಗೆಯ ಕಾಗದವನ್ನು ಹರಿದು ಬಿಸಾಡುವ ಮುನ್ನ ತೂತುಗಳನ್ನೊಮ್ಮೆ ನೋಡಬಹುದು. ಸರಿಯಾಗಿ ತಿರುಗುತ್ತಾ ಬಂದ ಗುಂಡು ದುಂಡನೆಯ ತೂತು ಬಿಡುತ್ತದೆ. ಸವೆದ ನಳಿಗೆಯಿಂದ ಪಲ್ಟಿ ಹೊಡೆಯುತ್ತಾ ಬಂದದ್ದು ಬೀಗದ ಕೈಯ ಕಂಡಿಯಂತೆ ಉದ್ದನೆಯದನ್ನು.