ರೊಟ್ಟಿ ಯಾರು ಬಡಿಯಬೇಕು?

ಮಹಾಗಾಂವದಲ್ಲಿರುವ ನನ್ನ ಖಾಲಾಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನ ಕಲಬುರಗಿಯ ವೈದ್ಯರು ಮಾತ್ರೆಯ ಚೀಟಿಯ ಜೊತೆಗೆ ಎರಡು ಮಾತು ಹೇಳಿ ಕಳುಹಿಸಿದರು. ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ ತಿನ್ನಿ. ದಿನಾಲೂ ಅರ್ಧ ಗಂಟೆ ನಡೆಯಿರಿ. ಬಸ್ಸಿನಲ್ಲಿ ಹಿಂದಿರುಗುವಾಗ ಖಾಲಾ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದರು. ಮಹಾಗಾಂವ ಕ್ರಾಸ್ ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಅವ್ರು ಹೇಳಿದ್ದು ಖರೆ ಅದ ಬೇಟಿ. ಆದ್ರ ನಾ ನಡೀಲಿಕ್ಕ ಹೋದ್ರ ರೊಟ್ಟಿ ಯಾರ್ ಬಡೀಬೇಕು?" ಎಂದರು.

ಆಗ ನನಗೆ ನಗು ಬಂದಿತ್ತು. ಮನೆಗೆ ಹೋಗಿ ಲೆಕ್ಕ ಹಾಕಿದಾಗ ನಗು ನಿಂತಿತು. ಎಂಟು ಜನರ ಮನೆ. ತಲೆಗೆ ಎರಡೆಂದರೂ ಒಂದು ಹೊತ್ತಿಗೆ ಹದಿನಾರು ರೊಟ್ಟಿ. ಎಸರು ಕಾಯಿಸಿ, ಹಿಟ್ಟು ನಾದಿ, ಒಂದೊಂದನ್ನೇ ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಕೆಂಡಕ್ಕೋ ಗ್ಯಾಸಿನ ಉರಿಗೋ ಒಡ್ಡಿ ಉಬ್ಬಿಸಿ ತೆಗೆಯುವಷ್ಟರಲ್ಲಿ ಬೆಳಗಿನ ತಂಪು ಹೊತ್ತೆಲ್ಲ ಒಲೆಯ ಮುಂದೆಯೇ ಕಳೆದುಹೋಗುತ್ತದೆ. ನಡೆಯಲು ಹೋಗಬೇಕಾದ ಹೊತ್ತೂ ಅದೇ. ಕಲಬುರಗಿಯ ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಯಾರು ತಾನೇ ಹೊರಗೆ ಕಾಲಿಟ್ಟಾರು?

ಆರೋಗ್ಯದ ಬಗ್ಗೆ ನಮ್ಮ ಸಹೋದರಿಯರಿಗೆ ಉಪದೇಶ ಕಡಿಮೆಯೇನಲ್ಲ. ಅದು ತಿನ್ನಿ, ಇದು ಬಿಡಿ, ನಡೆಯಿರಿ, ವ್ಯಾಯಾಮ ಮಾಡಿ. ಹೇಳುವವರೆಲ್ಲ ಒಬ್ಬೊಬ್ಬಳನ್ನೇ ಕೂರಿಸಿ ಹೇಳುತ್ತಾರೆ. ಒಬ್ಬಳಿಂದಲೇ ಆಗುವ ಕೆಲಸ ಇದಲ್ಲ ಎಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ.

ಕಣ್ಣೆದುರಿನ ಊಟ

ಕಲಬುರಗಿ, ಕಮಲಾಪುರ ಭಾಗದವರು ಒಳ್ಳೆಯ ಆಹಾರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುವ ಕಪ್ಪು ಎರೆ ಮಣ್ಣಿನಲ್ಲಿ ಹಿಂಗಾರಿ ಜೋಳ ಚಳಿಗಾಲದ ಮಂಜಿನಲ್ಲೇ ಬೆಳೆದು ನಿಲ್ಲುತ್ತದೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಕಮಲಾಪುರದ ಕೆಂಪು ಬಾಳೆಗೂ ಆ ಮಾನ್ಯತೆ ಇದೆ. ನೆರೆಮನೆಯ ನೀಲಮ್ಮಕ್ಕ ಪುಂಡಿ ಪಲ್ಯ ಎನ್ನುವುದನ್ನು ನಮ್ಮ ಮನೆಯಲ್ಲಿ ಅಂಬಾಡೆ ಕಿ ಭಾಜಿ ಎನ್ನುತ್ತೇವೆ. ಹೆಸರು ಎರಡು, ಸೊಪ್ಪು ಒಂದೇ, ಜೊತೆಗಿರುವ ರೊಟ್ಟಿಯೂ ಒಂದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ ಮತ್ತು 4 ಮಿಲಿಗ್ರಾಂ ಕಬ್ಬಿಣ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಕಬ್ಬಿಣವಂತೂ 1 ಮಿಲಿಗ್ರಾಮಿಗಿಂತ ಕಡಿಮೆ. ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಕೊನೆಗೆ ಉಣ್ಣುವವರು ಯಾರೆಂಬುದು ನಮಗೆ ಗೊತ್ತೇ ಇದೆ.

ಹಾಗೆಂದು ರೊಟ್ಟಿಯನ್ನು ಔಷಧಿ ಎಂದು ತಿಳಿಯಬಾರದು. ಜೋಳದಲ್ಲೂ ಪಿಷ್ಟವಿದೆ, ಐದಾರು ತಿಂದರೆ ಅದೂ ಸಕ್ಕರೆ ಏರಿಸುತ್ತದೆ. ರೊಟ್ಟಿ ತಿನ್ನುತ್ತೇನೆಂದು ಮಾತ್ರೆ ಬಿಡುವುದು ಅಪಾಯ. ಜೋಳದಲ್ಲಿ ಕಡಿಮೆ ಇರುವ ಪ್ರೋಟೀನಿನ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಹಾಗಾಗಿ ರೊಟ್ಟಿಗೆ ತೊಗರಿ, ಹೆಸರು, ಕಡಲೆಯ ಜೊತೆ ಬೇಕು. ಮೇಲೊಂದು ನಿಂಬೆ ಹೋಳು ಹಿಂಡಿಕೊಂಡರೆ ಕಬ್ಬಿಣ ಮೈಗೆ ಹಿಡಿಯುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ನಷ್ಟವಾಗುತ್ತದೆ. ನಮ್ಮ ಮನೆಗಳಲ್ಲಿ ಈ ಕೊನೆಯ ಮಾತು ಹೇಳುವುದೇ ಕಷ್ಟ! ಒಂದು ಗಂಟೆ ತಡೆದು ಕುಡಿಯಿರಿ ಎಂದಷ್ಟೇ ಕೇಳಿಕೊಳ್ಳಬಲ್ಲೆ.

ಇಷ್ಟು ಒಳ್ಳೆಯ ಧಾನ್ಯ ತಟ್ಟೆಯಿಂದ ಸರಿದುಹೋಗಿದ್ದೇಕೆ? ಪಡಿತರದ ಅಕ್ಕಿ ಅಗ್ಗವಾಗಿ ಬಂತು ಎಂಬ ಉತ್ತರ ಅರ್ಧ ನಿಜ. ಉಳಿದರ್ಧ ಅಡುಗೆಮನೆಯಲ್ಲಿದೆ. ಗೋಧಿ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಬಿಸಿ ಎಸರು ಹಾಕಿ ನಾದಿದರೆ ಮಾತ್ರ ಕೂಡಿಕೊಳ್ಳುತ್ತದೆ. ಲಟ್ಟಣಿಗೆಗೆ ಸುಲಭವಾಗಿ ಬಗ್ಗದು, ಕೈಯಿಂದಲೇ ಬಡಿಯಬೇಕು, ಕೈಗೆ ವರ್ಷಗಳ ಅಭ್ಯಾಸ ಬೇಕು. ಅನ್ನವಾದರೆ ಕುಕ್ಕರಿನ ಮೂರು ಸೀಟಿ. ಹೊಲದ ಕೂಲಿ ಮುಗಿಸಿ ಬಂದವಳು, ಶಾಲೆಯ ಕೆಲಸ ಮುಗಿಸಿ ಬಂದವಳು ಕುಕ್ಕರ್ ಇಟ್ಟರೆ ಅವಳನ್ನು ದೂರುವುದು ಸರಿಯೇ?

ಹಲವು ಕೈ ಸೇರಿದಾಗ

ಖಾಲಾ ಕೇಳಿದ ಪ್ರಶ್ನೆಗೆ ಕಲಬುರಗಿಯಲ್ಲೇ ಒಂದು ಉತ್ತರ ಹುಟ್ಟಿಕೊಂಡಿದೆ. ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳು ರೊಟ್ಟಿ ಮಾಡಿ ಮಾರುವುದು ಹೊಸದಲ್ಲ. ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಖಡಕ್ ರೊಟ್ಟಿಯ ಕಟ್ಟುಗಳು ಮೊದಲಿನಿಂದಲೂ ಹೋಗುತ್ತಿದ್ದವು. ಆದರೆ ಪ್ರತಿ ಸಂಘವೂ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಫೌಜಿಯಾ ತರನ್ನುಮ್ ಅವರು ಜಿಲ್ಲಾಧಿಕಾರಿಯಾಗಿದ್ದಾಗ ಜಿಲ್ಲಾಡಳಿತ ಈ ಸಂಘಗಳ ಜೊತೆ ಕೈಜೋಡಿಸಿತು. ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ರೊಟ್ಟಿ ಮಾರುಕಟ್ಟೆಗೆ ಬಂತು. ಮಹಿಳೆಯರ ಸಹಕಾರ ಸಂಘ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಿರುವುದನ್ನೂ, ಬೆಂಗಳೂರಿನಲ್ಲಿ ಮಳಿಗೆ ತೆರೆದು ಆನ್‌ಲೈನಿನಲ್ಲೂ ಮಾರುತ್ತಿರುವುದನ್ನೂ 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಪ್ರಸ್ತಾಪಿಸಿದರು.

ಸುದ್ದಿಯಲ್ಲಿ ಬಂದದ್ದು ಮಾರಾಟದ ಮಾತು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಮನೆಯಲ್ಲಿ ಲೆಕ್ಕಕ್ಕೇ ಇಲ್ಲದ ಕೆಲಸಕ್ಕೆ ಇಲ್ಲಿ ಕೂಲಿ ಇದೆ. ಒಬ್ಬಾಕೆಗೆ ದುಡಿಮೆ, ಇನ್ನೊಬ್ಬಾಕೆಗೆ ಬಿಡುವು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಡಬ್ಬಿಯಲ್ಲಿಟ್ಟು, ಬೇಳೆಯ ಜೊತೆಗೆ ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ ಇದ್ದರೆ ಕಲಿಯಲು ಹೋದ ಮಗಳೂ ಹಾಸ್ಟೆಲಿನಲ್ಲಿ ಊಟ ಮುಗಿಸಬಹುದು. ಆದರೆ ಒಂದು ಅಳುಕು ನನಗಿದೆ. ರೊಟ್ಟಿ ಬೆಂಗಳೂರಿಗೆ ಹೋಗಿ, ಬಡಿದವಳ ಮಕ್ಕಳ ತಟ್ಟೆಯಲ್ಲಿ ಅನ್ನವೇ ಉಳಿದರೆ?

ಮಹಾಗಾಂವದ ಮುಂದೆ ಹಾಯುವ ಇದೇ ಹೆದ್ದಾರಿಯಲ್ಲಿ ಕಮಲಾಪುರ, ಹುಮನಾಬಾದ್ ದಾಟಿ ಹೈದರಾಬಾದಿನ ಕಡೆ ಹೊರಟರೆ ತೆಲಂಗಾಣದ ಜಹೀರಾಬಾದ್ ಸಿಗುತ್ತದೆ. ಅಲ್ಲಿಯ ಹಳ್ಳಿಗಳ ಬಡ ಮಹಿಳೆಯರು, ಹೆಚ್ಚಿನವರು ದಲಿತರು, ಈ ಅಳುಕಿಗೆ ಬಹಳ ಹಿಂದೆಯೇ ಪರಿಹಾರ ಹುಡುಕಿದ್ದರು. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯಲ್ಲಿ ಅವರು ಸಂಘ ಕಟ್ಟಿಕೊಂಡರು. 1990ರ ದಶಕದಲ್ಲಿ ಬೀಳುಬಿದ್ದ ಹೊಲಗಳನ್ನು ಹಸನು ಮಾಡಿ ಜೋಳ ಬಿತ್ತಿದರು. ಬೆಳೆದುದರಲ್ಲಿ ಒಂದು ಪಾಲನ್ನು ಊರಿನಲ್ಲೇ ದಾಸ್ತಾನು ಮಾಡಿ, ಮಳೆಗಾಲದ ಕಷ್ಟದ ದಿನಗಳಲ್ಲಿ ಊರಿನ ಬಡವರಿಗೆ ಅಗ್ಗದ ಬೆಲೆಗೆ ಕೊಟ್ಟರು. ಯಾವ ಮನೆಗೆ ಎಷ್ಟು ಎಂಬುದನ್ನು ಊರವರೇ ಕುಳಿತು ತೀರ್ಮಾನಿಸಿದರು. ಈ ಕೆಲಸಕ್ಕೆ ಜೊತೆ ನಿಂತ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಜೋಳ ಮೊದಲು ಊರಿನ ಹೊಟ್ಟೆಗೆ, ಆಮೇಲೆ ಪೇಟೆಗೆ ಎಂಬ ಅವರ ಕ್ರಮ ನಮ್ಮ ಸಂಘಗಳಿಗೂ ಬೇಕು.

ಮಕ್ಕಳ ವಿಷಯದಲ್ಲಿ ಇಂತಹ ಜೊತೆಗೂಡುವಿಕೆ ಈಗಾಗಲೇ ಆಗಿದೆ. ಬಿಸಿಯೂಟದೊಂದಿಗೆ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ಕೆಲವೇ ಜಿಲ್ಲೆಗಳಲ್ಲಿ ಆರಂಭವಾಗಿ ನಂತರ ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡ ಮೇಲೆ ವಾರದಲ್ಲಿ ಎರಡು ದಿನದ ಮೊಟ್ಟೆ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಹೊಸ್ತಿಲ ಆಚೆ

ಇನ್ನು ನಡಿಗೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಭಾರತದ ಗಂಡಸರಲ್ಲಿ ನೂರಕ್ಕೆ 42 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಹೆಂಗಸರಲ್ಲಿ 57 ಮಂದಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯಷ್ಟು ಚಟುವಟಿಕೆ. ದಿನವಿಡೀ ಮನೆಗೆಲಸ ಮಾಡುವವಳಿಗೆ ಇನ್ನೇನು ವ್ಯಾಯಾಮ ಎಂದು ಗಂಡಸರು ಕೇಳುವುದುಂಟು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಮೊಣಕಾಲು ಸವೆಯುತ್ತದೆ, ಎದೆಬಡಿತ ಏರುವುದಿಲ್ಲ. ಮೈಗೆ ಬಿಸಿಲೂ ತಾಗುವುದಿಲ್ಲ.

ಕಲಬುರಗಿ ನಗರದಲ್ಲಾದರೆ ಸಾರ್ವಜನಿಕ ಉದ್ಯಾನವಿದೆ, ಅಪ್ಪನ ಕೆರೆಯ ದಂಡೆಯಿದೆ. ಫಜ್ರ್ ನಮಾಝ್ ಮುಗಿಸಿ, ಬುರ್ಖಾದ ಕೆಳಗೆ ಬೂಟು ಹಾಕಿಕೊಂಡು ನಡೆಯುವ ಸಹೋದರಿಯರನ್ನು ನೋಡಿದರೆ ನನಗೆ ಸಂತೋಷ. ಹಳ್ಳಿಯಲ್ಲಿ ಒಬ್ಬಳೇ ಹೆದ್ದಾರಿಯ ಬದಿ ನಡೆಯುವುದು ಸುರಕ್ಷಿತವೂ ಅಲ್ಲ, ಸುಲಭವೂ ಅಲ್ಲ. ಶಾಲೆಯ ಮೈದಾನ ಸಂಜೆ ಖಾಲಿ ಇರುತ್ತದೆ. ಮಸೀದಿ ಕಮಿಟಿಯವರೂ ಪಂಚಾಯಿತಿಯವರೂ ಸೇರಿ ಶಾಲೆಯವರನ್ನು ಕೇಳಿದರೆ ವಾರಕ್ಕೆ ನಾಲ್ಕು ಸಂಜೆ ಒಂದೊಂದು ಗಂಟೆ ಹೆಂಗಸರಿಗೆ ಬಿಡಿಸಲಾಗದೇ? ಎಂಟನೇ ತರಗತಿಗೆ ಬಂದೊಡನೆ ಆಟ ನಿಲ್ಲಿಸಿದ ಹುಡುಗಿಯರೂ ತಾಯಂದಿರ ಜೊತೆ ಬರಬಹುದು.

ಹೊರಗೆ ಹೋಗಿ ಉಣ್ಣುವುದು ಈ ಭಾಗಕ್ಕೆ ಹೊಸತೇನೂ ಅಲ್ಲ. ಚಳಿಗಾಲದ ಎಳ್ಳ ಅಮಾವಾಸ್ಯೆಗೆ ರೈತರ ಮನೆಯವರೆಲ್ಲ ಹೊಲಕ್ಕೆ ಹೋಗುತ್ತಾರೆ. ಪೂಜೆ ಅವರದು, ಊಟಕ್ಕೆ ಮಾತ್ರ ನಮ್ಮನ್ನೂ ಕರೆಯುತ್ತಾರೆ. ಸಜ್ಜೆ ರೊಟ್ಟಿ, ಹಸಿ ತೊಗರಿ, ಅವರೆ, ಬದನೆ, ಗಜ್ಜರಿ, ಹತ್ತಾರು ಸೊಪ್ಪು ಹಾಕಿ ಕುದಿಸಿದ ಭಜ್ಜಿ. ಅಷ್ಟು ಬಗೆಯ ತರಕಾರಿ ಒಂದೇ ಪಾತ್ರೆಯಲ್ಲಿ ಬೇರೆ ಯಾವ ದಿನವೂ ಬೇಯುವುದಿಲ್ಲ. ಮಕ್ಕಳು ಹೊಲದ ಬದುವಿನ ಮೇಲೆ ಓಡುತ್ತಾರೆ. ಅಜ್ಜಿಯರೂ ಎರಡು ಮೈಲಿ ನಡೆದು ಬಂದಿರುತ್ತಾರೆ, ಯಾರೂ ಅದನ್ನು ವ್ಯಾಯಾಮವೆಂದು ಕರೆಯುವುದಿಲ್ಲ.

ಖಾಲಾ ಈಗ ವಾರದಲ್ಲಿ ಮೂರು ದಿನ ರೊಟ್ಟಿ ಬಡಿಯುವುದಿಲ್ಲ. ಎರಡು ದಿನ ಖಡಕ್ ರೊಟ್ಟಿಯ ಕಟ್ಟು ತರಿಸುತ್ತಾರೆ, ಒಂದು ದಿನ ಸೊಸೆ ಮತ್ತು ಮೊಮ್ಮಗ ಒಲೆ ನೋಡಿಕೊಳ್ಳುತ್ತಾರೆ. ಮೊಮ್ಮಗನ ರೊಟ್ಟಿ ಇನ್ನೂ ದುಂಡಗಾಗಿಲ್ಲ. ಆ ಮೂರು ಬೆಳಗು ನೀಲಮ್ಮಕ್ಕನ ಜೊತೆ ಹೊಲದ ದಾರಿಯಲ್ಲಿ ನಡೆದು ಬರುತ್ತಾರೆ. ಹೋಗುವಾಗ ಕೈಯಲ್ಲಿ ಒಂದು ಖಾಲಿ ಚೀಲ ಇರುತ್ತದೆ, ಬರುವಾಗ ಅದರಲ್ಲಿ ಪುಂಡಿ ಸೊಪ್ಪು.